ಅಪ್‌ಗ್ರೇಡ್ ಆದ ಮೇಲೆ ಮೈಎಸ್‌ಕ್ಯೂಎಲ್ ರೂಟ್ ಲಾಗಿನ್ ಆಗುತ್ತಿಲ್ಲ: ಎರರ್ 1698, 2002, 1524

ತುಮಕೂರಿನ ಲ್ಯಾಬ್‌ಗಳಲ್ಲಿ ಡಿಬಿಎಂಎಸ್ ಪ್ರಾಕ್ಟಿಕಲ್ ಮಾಡುವವರಿಗೆ ಈ ಟಿಪ್ಪಣಿ. ಕಮಾಂಡ್‌ಗಳನ್ನು ಪಕ್ಕದವರಿಗೆ ಬಾಯಲ್ಲಿ ಹೇಳುವ ಹಾಗೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಡೈರೆಕ್ಟರಿ ಹೆಸರುಗಳನ್ನು ಸ್ಲ್ಯಾಷ್ ಹಾಕಿ ಜೋಡಿಸಿ.

ಉಬುಂಟು ಅಪ್‌ಗ್ರೇಡ್ ಮುಗಿದಿದೆ, ನಿನ್ನೆ ನಡೆಯುತ್ತಿದ್ದ ಮೈಎಸ್‌ಕ್ಯೂಎಲ್ ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಪಾಸ್‌ವರ್ಡ್ ಇವತ್ತು ನಡೆಯುತ್ತಿಲ್ಲ. ಎಲ್ಲರೂ ಮೊದಲು ಮಾಡುವುದು ಪಾಸ್‌ವರ್ಡ್ ರೀಸೆಟ್. ಅದಕ್ಕೆ ಕೈಹಾಕುವ ಮುಂಚೆ ಎರರ್ ನಂಬರ್ ಓದಿ. ಎಷ್ಟೋ ಸಲ ಪಾಸ್‌ವರ್ಡ್‌ಗೆ ಏನೂ ಆಗಿರುವುದಿಲ್ಲ. ರೂಟನ್ನು ಗುರುತಿಸುವ ವಿಧಾನ ಬದಲಾಗಿರುತ್ತದೆ, ಇಲ್ಲವೇ ಸರ್ವರ್ ಎದ್ದೇ ಇರುವುದಿಲ್ಲ.

1698, ಆಕ್ಸೆಸ್ ಡಿನೈಡ್

ಗುಬ್ಬಿಯಿಂದ ದಿನಾ ಬರುವ ಹುಡುಗನನ್ನು ಕಂಡಕ್ಟರ್ ಪಾಸ್ ಕೇಳದೆ ಮುಖ ನೋಡಿಯೇ ಹತ್ತಿಸುತ್ತಾನೆ. ಸಾಕೆಟ್ (ಒಂದೇ ಕಂಪ್ಯೂಟರ್‌ನೊಳಗೆ ಕ್ಲೈಂಟ್ ಮತ್ತು ಸರ್ವರ್ ಮಾತಾಡುವ ಫೈಲ್) ದೃಢೀಕರಣವೂ ಹಾಗೇ, ಆದರೆ ಇಲ್ಲಿನ ಕಂಡಕ್ಟರ್ ಇನ್ನೂ ಬಿಗಿ: ಅಪರಿಚಿತ ಸರಿಯಾದ ಪಾಸ್ ತೋರಿಸಿದರೂ ಹತ್ತಿಸುವುದಿಲ್ಲ. ಈ ಪ್ರೊಸೆಸ್ ಯಾವ ಲಿನಕ್ಸ್ ಯೂಸರ್‌ನದು ಎಂದು ಸರ್ವರ್ ಕರ್ನಲ್ಲನ್ನೇ ಕೇಳುತ್ತದೆ. ಆ ಹೆಸರೂ ಡೇಟಾಬೇಸ್ ಯೂಸರ್ ಹೆಸರೂ ಒಂದೇ ಆದರೆ ಮಾತ್ರ ಬಾಗಿಲು ತೆರೆಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಈ ಪ್ಲಗಿನ್ ಹೆಸರು ಆತ್_ಸಾಕೆಟ್, ಅದರದೇ ಕವಲಾದ ಮಾರಿಯಾಡಿಬಿಯಲ್ಲಿ ಯುನಿಕ್ಸ್_ಸಾಕೆಟ್.

ಅಪ್‌ಗ್ರೇಡಿಗೂ ಇದಕ್ಕೂ ಏನು ಸಂಬಂಧ? ಉಬುಂಟು 16.04ರಲ್ಲಿ ಮೈಎಸ್‌ಕ್ಯೂಎಲ್ 5.7 ಬಂದಾಗ, ರೂಟ್ ಪಾಸ್‌ವರ್ಡ್ ಖಾಲಿ ಇದ್ದರೆ ಪ್ಯಾಕೇಜೇ ಸಾಕೆಟ್ ದೃಢೀಕರಣ ಹಾಕುವ ಪದ್ಧತಿ ಶುರುವಾಯಿತು. ಮಾರಿಯಾಡಿಬಿ 10.4ರಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಮೂಲ ಪ್ಯಾಕೇಜೇ ಸಾಕೆಟ್ ಬಳಸುತ್ತದೆ.

ಮದ್ದು ಚಿಕ್ಕದು: ಸುಡೊ (ಲಿನಕ್ಸ್ ರೂಟ್ ಆಗಿ ಕಮಾಂಡ್ ಓಡಿಸುವುದು), ಸ್ಪೇಸ್, ಮೈಎಸ್‌ಕ್ಯೂಎಲ್, ಎಂಟರ್. ಒಳಗೆ ಹೋದಿರಾದರೆ ಏನೂ ಕೆಟ್ಟಿಲ್ಲ. ಹೋಸ್ಟ್ ಜಾಗದಲ್ಲಿ 127.0.0.1 ಕೊಡಬೇಡಿ. ಲೋಕಲ್‌ಹೋಸ್ಟ್ ಎಂದರೆ ಕ್ಲೈಂಟ್ ಸಾಕೆಟ್ ಫೈಲ್ ಮೂಲಕ ಹೋಗುತ್ತದೆ, 127.0.0.1 ಎಂದರೆ ಟಿಸಿಪಿ (ನೆಟ್‌ವರ್ಕ್) ಮೂಲಕ. ಟಿಸಿಪಿಯಲ್ಲಿ ಈ ಪ್ಲಗಿನ್‌ಗೆ ಯಾರನ್ನೂ ಗುರುತಿಸಲು ಬರುವುದಿಲ್ಲ.

ಬ್ರೌಸರ್‌ನಲ್ಲಿ ಡೇಟಾಬೇಸ್ ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ರೂಟ್ ಹೋಗದಿರುವುದಕ್ಕೂ ಇದೇ ಕಾರಣ. ವೆಬ್ ಸರ್ವರ್ ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಯೂಸರ್ ಹೆಸರಲ್ಲಿ, ಅದು ಎಂದೂ ರೂಟ್ ಆಗದು. ಅದಕ್ಕೋಸ್ಕರ ರೂಟನ್ನೇ ಪಾಸ್‌ವರ್ಡ್‌ಗೆ ತಿರುಗಿಸುವುದು ಸೋಮಾರಿತನದ ದಾರಿ. ತಿಪಟೂರು ಕೊಬ್ಬರಿ ದರದ ಪ್ರಾಜೆಕ್ಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಸುಡೊದಲ್ಲಿ ಒಳಗೆ ಹೋಗಿ ಕ್ರಿಯೇಟ್ ಯೂಸರ್‌ನಿಂದ ಬೇರೊಬ್ಬ ಯೂಸರ್ ಮಾಡಿ, ಆ ಒಂದು ಡೇಟಾಬೇಸಿಗೆ ಮಾತ್ರ ಗ್ರಾಂಟ್ ಕೊಡಿ.

2002

ಇದು ಲಾಗಿನ್ ತೊಂದರೆಯೇ ಅಲ್ಲ. ಕೊನೆಯಲ್ಲಿ ಬ್ರಾಕೆಟ್‌ನಲ್ಲಿ (2) ಇದ್ದರೆ ಸಾಕೆಟ್ ಫೈಲೇ ಇಲ್ಲ, (13) ಇದ್ದರೆ ಅನುಮತಿ ಇಲ್ಲ, (111) ಇದ್ದರೆ ಆ ಕಡೆ ಕೇಳಿಸಿಕೊಳ್ಳುವವರಿಲ್ಲ. ಸರ್ವರ್ ಓಡುತ್ತಿದೆಯೇ ಎಂದು ಸಿಸ್ಟಮ್‌ಸಿಟಿಎಲ್ ಸ್ಟೇಟಸ್‌ನಲ್ಲಿ ನೋಡಿ, ಆಮೇಲೆ ವಾರ್, ಲಾಗ್, ಮೈಎಸ್‌ಕ್ಯೂಎಲ್ ಡೈರೆಕ್ಟರಿಯ ಎರರ್ ಲಾಗ್‌ನ ಕೊನೆಯ ಮೂವತ್ತು ಸಾಲು ಓದಿ.

5.7ರಿಂದ 8.0ಗೆ ಹೋದವರಿಗೆ ಅಲ್ಲಿ ಹೆಚ್ಚಾಗಿ ಕಾಣುವುದು ‘ಅನ್‌ನೋನ್ ವೇರಿಯಬಲ್ ಕ್ವೆರಿ_ಕ್ಯಾಶ್_ಸೈಜ್=16ಎಂ’. 8.0ದಲ್ಲಿ ಕ್ವೆರಿ ಕ್ಯಾಶ್ (ಹಿಂದಿನ ಕ್ವೆರಿಗಳ ಉತ್ತರ ಉಳಿಸಿಡುವ ಸೌಲಭ್ಯ) ಅನ್ನೇ ಕಿತ್ತುಹಾಕಿದ್ದಾರೆ. ಅಪ್‌ಗ್ರೇಡ್ ನಡುವೆ ಹಳೇ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಇಟ್ಟುಕೊಳ್ಳಲೇ ಎಂದು ಕೇಳಿದಾಗ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ, ಸರ್ವರ್ ಏಳುವುದಿಲ್ಲ. ಕ್ವೆರಿ_ಕ್ಯಾಶ್ ಎಂದು ಶುರುವಾಗುವ ಸಾಲುಗಳ ಮುಂದೆ ಹ್ಯಾಶ್ ಹಾಕಿ. ಎಸ್‌ಕ್ಯೂಎಲ್_ಮೋಡ್ ಸಾಲಿನಲ್ಲಿ ನೋ_ಆಟೋ_ಕ್ರಿಯೇಟ್_ಯೂಸರ್ ಇದ್ದರೆ ಅದನ್ನೂ ತೆಗೆಯಿರಿ. ಜೊತೆಗೆ ಡಿಎಫ್, ಸ್ಪೇಸ್, ಹೈಫನ್ ಎಚ್ ಹೊಡೆದು ಡಿಸ್ಕ್ ತುಂಬಿದೆಯೇ ನೋಡಿ.

1524, ಪ್ಲಗಿನ್ ಲೋಡ್ ಆಗಿಲ್ಲ

ಮೈಎಸ್‌ಕ್ಯೂಎಲ್ 8.4ರಲ್ಲಿ ಮೈಎಸ್‌ಕ್ಯೂಎಲ್_ನೇಟಿವ್_ಪಾಸ್‌ವರ್ಡ್ ಎಂಬ, ಪಾಸ್‌ವರ್ಡ್ ಪರೀಕ್ಷಿಸುವ ಹಳೇ ಪ್ಲಗಿನ್ ತಾನಾಗಿ ಲೋಡ್ ಆಗುವುದಿಲ್ಲ, 9.0ರಲ್ಲಿ ಅದು ಇಲ್ಲವೇ ಇಲ್ಲ. 8.4ರಲ್ಲಿದ್ದರೆ ಕಾನ್ಫಿಗ್‌ನ ಮೈಎಸ್‌ಕ್ಯೂಎಲ್‌ಡಿ ವಿಭಾಗದಲ್ಲಿ ಆ ಹೆಸರು ಬರೆದು ಈಕ್ವಲ್ ಆನ್ ಎಂದು ಹಾಕಿ, ರೀಸ್ಟಾರ್ಟ್ ಮಾಡಿ, ಒಳಗೆ ಹೋದ ತಕ್ಷಣ ಅಕೌಂಟ್‌ಗಳನ್ನು ಕ್ಯಾಶಿಂಗ್_ಶಾ2_ಪಾಸ್‌ವರ್ಡ್‌ಗೆ ಬದಲಿಸಿ. ಪಿಎಚ್‌ಪಿ 7.4ಕ್ಕಿಂತ ಹಳೆಯದಾದರೆ ಈ ಹೊಸ ಪ್ಲಗಿನ್ ತಲೆನೋವು ತರುತ್ತದೆ, ಮೊದಲು ಪಿಎಚ್‌ಪಿ ಏರಿಸಿ.

ಸುಡೊ ಕೂಡ ನಡೆಯದಿದ್ದರೆ

ಉಬುಂಟು ಮೈಎಸ್‌ಕ್ಯೂಎಲ್ ಪ್ಯಾಕೇಜ್ ಒಂದು ಬಿಡಿ ಕೀಲಿ ಇಟ್ಟಿರುತ್ತದೆ: ಇಟಿಸಿ, ಮೈಎಸ್‌ಕ್ಯೂಎಲ್ ಒಳಗಿನ ಡೆಬಿಯನ್.ಸಿಎನ್ಎಫ್. ಸುಡೊ ಮೈಎಸ್‌ಕ್ಯೂಎಲ್‌ಗೆ ಡಿಫಾಲ್ಟ್ಸ್-ಫೈಲ್ ಆಯ್ಕೆಯಾಗಿ ಅದನ್ನು ಕೊಡಿ. ಒಳಗೆ ಹೋದರೆ ಮೈಎಸ್‌ಕ್ಯೂಎಲ್.ಯೂಸರ್‌ನಿಂದ ಯೂಸರ್, ಹೋಸ್ಟ್, ಪ್ಲಗಿನ್ ಸೆಲೆಕ್ಟ್ ಮಾಡಿ ರೂಟ್ ಯಾವುದರಲ್ಲಿದೆ ನೋಡಿ.

ಅದೂ ಆಗದಿದ್ದರೆ ಇನಿಟ್-ಫೈಲ್ ದಾರಿ, ಅಂದರೆ ಸರ್ವರ್ ಏಳುವಾಗಲೇ ಓದಿ ನಡೆಸುವ ಎಸ್‌ಕ್ಯೂಎಲ್ ಫೈಲ್. ಇದರ ಬದಲು ಅನುಮತಿ ಪರೀಕ್ಷೆಯನ್ನೇ ಬಿಡುವ ಸ್ಕಿಪ್-ಗ್ರಾಂಟ್-ಟೇಬಲ್ಸ್ ಹಾಕಿದರೆ ಎಲ್ಲರಿಗೂ ಬಾಗಿಲು ತೆರೆದ ಹಾಗೆ, ಮೊದಲು ಫ್ಲಶ್ ಪ್ರಿವಿಲೇಜಸ್ ಹೊಡೆಯದಿದ್ದರೆ ಆಲ್ಟರ್ ಯೂಸರ್ ಕೂಡ 1290 ಎರರ್ ಕೊಡುತ್ತದೆ. ಇನಿಟ್-ಫೈಲ್‌ಗೆ ಇವೆರಡೂ ರಗಳೆ ಇಲ್ಲ. ಸರ್ವಿಸ್ ನಿಲ್ಲಿಸಿ, ವಾರ್, ಲಿಬ್, ಮೈಎಸ್‌ಕ್ಯೂಎಲ್ ಡೈರೆಕ್ಟರಿಯನ್ನು ಪೂರ್ತಿ ಕಾಪಿ ಮಾಡಿಕೊಂಡ ಮೇಲೆ ಒಂದು ಸಾಲಿನ ಫೈಲ್ ಬರೆಯಿರಿ:

ಆಲ್ಟರ್ ಯೂಸರ್ 'ರೂಟ್'@'ಲೋಕಲ್‌ಹೋಸ್ಟ್' ಐಡೆಂಟಿಫೈಡ್ ವಿತ್ ಆತ್_ಸಾಕೆಟ್;

ಮಾರಿಯಾಡಿಬಿಯಾದರೆ ‘ವಿತ್ ಆತ್_ಸಾಕೆಟ್’ ಬದಲು ‘ವಯಾ ಯುನಿಕ್ಸ್_ಸಾಕೆಟ್’. ಮೈಎಸ್‌ಕ್ಯೂಎಲ್‌ಗೆ ಫೈಲನ್ನು ವಾರ್, ಲಿಬ್, ಮೈಎಸ್‌ಕ್ಯೂಎಲ್-ಫೈಲ್ಸ್ ಒಳಗೇ ಇಡಿ, ಒಡೆತನ ಮೈಎಸ್‌ಕ್ಯೂಎಲ್ ಯೂಸರ್‌ಗೆ ಕೊಡಿ, ಅನುಮತಿ 600. ನಿಮ್ಮ ಹೋಮ್ ಫೋಲ್ಡರ್‌ನಲ್ಲಿಟ್ಟರೆ ಉಬುಂಟುವಿನ ಭದ್ರತಾ ಕಾವಲು ಆಪ್‌ಆರ್ಮರ್ ಓದಲು ಬಿಡುವುದಿಲ್ಲ. ಕಾನ್ಫಿಗ್‌ಗೆ ಇನಿಟ್_ಫೈಲ್ ಸಾಲು ಸೇರಿಸಿ ಸರ್ವಿಸ್ ಎಬ್ಬಿಸಿ.

ಹಳೇ ನೋಟ್ಸ್‌ನಲ್ಲಿರುವ ‘ಅಪ್‌ಡೇಟ್ ಯೂಸರ್ ಸೆಟ್ ಪಾಸ್‌ವರ್ಡ್’ ಸೂತ್ರ ಮರೆತುಬಿಡಿ. ಪಾಸ್‌ವರ್ಡ್ ಫಂಕ್ಷನ್ 8.0ದಲ್ಲಿ ಇಲ್ಲ, ಮಾರಿಯಾಡಿಬಿ 10.4ರಿಂದ ಯೂಸರ್ ಎಂಬುದು ಟೇಬಲ್ ಅಲ್ಲ, ವ್ಯೂ. ಅಲ್ಲಿ ಸಿಗುವುದು 1348 ಎರರ್ ಮಾತ್ರ.

ಸುಡೊ ಮೈಎಸ್‌ಕ್ಯೂಎಲ್ ನಡೆದ ಮೇಲೆ ಇನಿಟ್_ಫೈಲ್ ಸಾಲನ್ನೂ ಆ ಫೈಲನ್ನೂ ಅಳಿಸಿ. ಸಾಲು ಬಿಟ್ಟು ಫೈಲ್ ಮಾತ್ರ ಅಳಿಸಿದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಸರ್ವರ್ ಏಳದೆ ಮತ್ತೆ 2002 ನೋಡುತ್ತೀರಿ.