ಕೊಳಲಿಗೆ ಮೊದಲು ಮೋಹನ, ಆಮೇಲೆ ಮಾಯಾಮಾಳವಗೌಳ

ಕೊಳಲು ಕಲಿಯಬೇಕು ಅಂತ ನನ್ನ ಹತ್ತಿರ ಬರುವ ದೊಡ್ಡವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುವವರು, ಇಲ್ಲವೇ ಈಗಷ್ಟೇ ನಿವೃತ್ತರಾದವರು. ಪರೀಕ್ಷೆ ಕಟ್ಟುವ ಆಸೆ ಅವರಿಗಿಲ್ಲ. ಕಛೇರಿ ಕೊಡುವ ಯೋಚನೆಯೂ ಇಲ್ಲ. ಸಂಜೆ ಹೊತ್ತು ಮನೆಯಲ್ಲಿ ಕೂತು ನಾಲ್ಕು ದೇವರನಾಮ ನುಡಿಸುವಂತಾದರೆ ಸಾಕು ಅನ್ನುತ್ತಾರೆ. ಎಷ್ಟು ಒಳ್ಳೆಯ ಆಸೆ ಅಲ್ವಾ? ಆದರೂ ಇವರಲ್ಲಿ ತುಂಬಾ ಜನ ಮೂರ್ನಾಲ್ಕು ತಿಂಗಳಲ್ಲೇ ಬಿಟ್ಟುಬಿಡುತ್ತಾರೆ. 'ನನಗೆ ಸಂಗೀತ ಒಲಿಯಲಿಲ್ಲ ಮೇಷ್ಟ್ರೇ' ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅವರದೇನೂ ತಪ್ಪಿರುವುದಿಲ್ಲ. ಹಾಡುಗಾರಿಕೆಯ ಪಾಠದ ಕ್ರಮವನ್ನು ಹಾಗೇ ತಂದು ಕೊಳಲಿನ ಮೇಲೆ ಹೇರುವುದರಿಂದ ಹೀಗಾಗುತ್ತದೆ ಎಂಬುದು ನನ್ನ ನಂಬಿಕೆ.

ಪುರಂದರದಾಸರ ಹೆಸರಿನಲ್ಲಿ ಬಂದ ಕ್ರಮ ನಮಗೆಲ್ಲ ಗೊತ್ತು. ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲಿ. ಸರಳೆ, ಜಂಟಿ, ಅಲಂಕಾರ ಎಂಬ ಸ್ವರದ ಅಭ್ಯಾಸಗಳು, ಆಮೇಲೆ ಮಲಹರಿ ರಾಗದ ಗೀತೆಗಳು. ಗಂಟಲಿಗೆ ಇದು ಬಹಳ ಒಳ್ಳೆಯ ದಾರಿ. ಕೊಳಲಿಗೆ ಮಾತ್ರ ಬೇರೆ ಲೆಕ್ಕ.

ಕರ್ನಾಟಕ ಸಂಗೀತದ ಕೊಳಲಿನಲ್ಲಿ ಊದುವ ತೂತನ್ನು ಬಿಟ್ಟು 8 ತೂತುಗಳಿರುತ್ತವೆ. ಕೊನೆಯದನ್ನು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಊದುವ ಕಡೆಯಿಂದ ಎಣಿಸಿ ಮೊದಲ 2 ತೂತು ಮುಚ್ಚಿದರೆ ಷಡ್ಜ, ಅಂದರೆ ಸ. ಒಂದೇ ಮುಚ್ಚಿದರೆ ಚತುಶ್ರುತಿ ರಿಷಭ (ಚತುಶ್ರುತಿ, ಶುದ್ಧ, ಅಂತರ ಇವೆಲ್ಲ ಸ್ವರದ ಬೇರೆ ಬೇರೆ ಎತ್ತರಗಳ ಹೆಸರು). ಎಲ್ಲ ಬೆರಳೂ ಎತ್ತಿದರೆ ಅಂತರ ಗಾಂಧಾರ. 6 ಮುಚ್ಚಿ ಸ್ವಲ್ಪ ಬಿಗಿಯಾಗಿ ಊದಿದರೆ ಶುದ್ಧ ಮಧ್ಯಮ. 5 ಮುಚ್ಚಿದರೆ ಪಂಚಮ, 4ಕ್ಕೆ ಚತುಶ್ರುತಿ ಧೈವತ, 3ಕ್ಕೆ ಕೈಶಿಕಿ ನಿಷಾದ. ಈ ಏಳನ್ನೂ ಸಾಲಾಗಿ ಇಟ್ಟು ನೋಡಿ, 28ನೇ ಮೇಳ (ಏಳೂ ಸ್ವರವಿರುವ ಮೂಲ ರಾಗ) ಹರಿಕಾಂಬೋಜಿ ಆಯಿತು. ಬಿದಿರಿಗೆ ತಾನಾಗಿ ಬರುವ ರಾಗ ಅದು. ಬೆರಳು ಪೂರ್ತಿ ಮುಚ್ಚುವುದು, ಪೂರ್ತಿ ತೆಗೆಯುವುದು, ಅಷ್ಟೇ ಕೆಲಸ.

ಈಗ ಮಾಯಾಮಾಳವಗೌಳಕ್ಕೆ ಬನ್ನಿ. ಅದರ ರಿಷಭ, ಧೈವತ ಎರಡೂ ಶುದ್ಧ. ನಿಷಾದ ಕಾಕಲಿ. ಈ ಮೂರೂ ಪೂರ್ತಿ ತೂತಿನಲ್ಲಿ ಸಿಗುವುದಿಲ್ಲ. ಬೆರಳನ್ನು ಹೊರಳಿಸಿ ತೂತನ್ನು ಅರ್ಧ ಮಾತ್ರ ತೆರೆಯಬೇಕು. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಜಾರುತ್ತದೆ. ಇನ್ನೂ ಊದುವುದೇ ಸರಿಯಾಗಿ ಬಾರದವರಿಗೆ ಏಳರಲ್ಲಿ ಮೂರು ಸ್ವರ ಅರ್ಧ ತೂತಿನದು! ತುಟಿ ತಪ್ಪಿತೋ ಬೆರಳು ತಪ್ಪಿತೋ ಅಂತ ಅವರಿಗೆ ತಿಳಿಯುವುದೇ ಇಲ್ಲ. ಕೇಳುವ ಕಿವಿಗೆ ಮಾತ್ರ ಅಪಸ್ವರ ಗೊತ್ತಾಗುತ್ತದೆ, ಮನಸ್ಸು ಮುದುಡುತ್ತದೆ. ಮಲಹರಿಯಲ್ಲೂ ಇದೇ ಕಥೆ.

ಅದಕ್ಕೇ ನಾನು ಹವ್ಯಾಸಕ್ಕೆಂದು ಬಂದವರಿಗೆ ಸರಳೆ, ಜಂಟಿಗಳನ್ನು ಹರಿಕಾಂಬೋಜಿಯಲ್ಲೇ ಹೇಳಿಕೊಡುತ್ತೇನೆ. ಹೀಗೆ ಮಾಡುವ ಕೊಳಲು ಮೇಷ್ಟ್ರುಗಳು ಇನ್ನೂ ಇದ್ದಾರೆ, ಇದು ನನ್ನ ಹೊಸ ಶೋಧವೇನಲ್ಲ. ಮೊದಲ ಗೀತೆ ಮೋಹನ ರಾಗದ್ದು, 'ವರವೀಣಾ'. ಸ, ರಿ, ಗ, ಪ, ದ, ಐದೂ ಪೂರ್ತಿ ತೂತಿನಲ್ಲೇ ಬರುತ್ತವೆ. ಮಧ್ಯಮಾವತಿ, ಶುದ್ಧ ಸಾವೇರಿ ಕೂಡ ಹಾಗೆಯೇ. ಮಧ್ಯಮಾವತಿಯಲ್ಲಿ ಹಾಡುವ ದೇವರನಾಮ ನಮ್ಮಲ್ಲಿ ಬೇಕಾದಷ್ಟಿವೆ. ಅರ್ಧ ತೂತಿನ ಅಭ್ಯಾಸ ಆಮೇಲೆ, ಒಂದೊಂದೇ ಸ್ವರವಾಗಿ. ಹಂಸಧ್ವನಿಗೆ ಕಾಕಲಿ ನಿಷಾದವೊಂದು ಕಲಿತರೆ ಸಾಕು, ಮೊದಲು ಅದನ್ನು ಹಿಡಿಯಿರಿ. ಮಾಯಾಮಾಳವಗೌಳಕ್ಕೆ ಬರುವ ಹೊತ್ತಿಗೆ ತುಟಿ ನಿಮ್ಮ ಮಾತು ಕೇಳುತ್ತಿರುತ್ತದೆ. ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟುವವರ ಮಾತು ಬೇರೆ. ಅವರು ಪಠ್ಯದ ಪ್ರಕಾರವೇ ಹೋಗಬೇಕು.

ಕೊಳಲು ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಹಿಂದೂಸ್ತಾನಿಯ ಬಾನ್ಸುರಿ ಬೇರೆ, ನಮ್ಮ ಕೊಳಲು ಬೇರೆ. ಬಾನ್ಸುರಿಯಲ್ಲಿ 3 ತೂತು ಮುಚ್ಚಿದರೆ ಷಡ್ಜ, ನಮ್ಮದರಲ್ಲಿ 2. ಕೈಯಲ್ಲಿ ಒಂದು ಬಗೆಯ ಕೊಳಲು, ಯೂಟ್ಯೂಬಿನಲ್ಲಿ ಇನ್ನೊಂದರ ಪಾಠ, ಹೀಗೆ ಒದ್ದಾಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಹುಬ್ಬಳ್ಳಿ, ಧಾರವಾಡದ ಕಡೆ ಹಿಂದೂಸ್ತಾನಿ ಗುರುಗಳು ಹತ್ತಿರದಲ್ಲೇ ಸಿಗುತ್ತಾರೆ, ಅಲ್ಲಿಯವರಿಗೆ ಬಾನ್ಸುರಿಯೇ ಅನುಕೂಲ. ಯಾವುದನ್ನಾದರೂ ಆರಿಸಿ, ಗುರುಗಳು ಸಿಕ್ಕ ಮೇಲೆ ಆರಿಸಿ. ಹಿಂದೂಸ್ತಾನಿ ಬಾನ್ಸುರಿ ವಾದಕ ಪನ್ನಾಲಾಲ್ ಘೋಷ್ ಅವರಿಂದ ಬಂದ ಆ ಉದ್ದನೆಯ ಬಾನ್ಸುರಿಯ ನಾದಕ್ಕೆ ಮರುಳಾಗಿ ಮೊದಲೇ ಅದನ್ನು ತಂದರೆ ಬೆರಳು ತೂತಿಗೆ ಎಟುಕುವುದಿಲ್ಲ. ನಮ್ಮ ಕೊಳಲಿನಲ್ಲಿ ಹೊಸಬರಿಗೆ 5ನೇ ಮನೆ ಶ್ರುತಿಯದು, ಅಂದರೆ ಹಾರ್ಮೋನಿಯಂನ 'ಜಿ', ಚೆನ್ನಾಗಿ ಕೂರುತ್ತದೆ. ಜಾತ್ರೆಯಲ್ಲಿ ಮಾರುವ ಕೊಳಲು ಮಕ್ಕಳ ಆಟಕ್ಕೆ ಸರಿ. ಅದರಲ್ಲಿ ಶ್ರುತಿ ಹುಡುಕಬೇಡಿ.

ಈಗ ಊದುವ ವಿಷಯ. ಮೊದಲ ಎರಡು ವಾರ ಬೆರಳನ್ನು ಮರೆತುಬಿಡಿ. ಕನ್ನಡಿಯ ಮುಂದೆ ಕೂತುಕೊಳ್ಳಿ. ತುಟಿಗಳನ್ನು ಮೆಲ್ಲಗೆ ಮುಚ್ಚಿ, ಊದುವ ತೂತಿನ ಅಂಚನ್ನು ಕೆಳತುಟಿಯ ಮೇಲೆ ಇಡಿ. ತೂತಿನ ಸ್ವಲ್ಪ ಭಾಗವನ್ನು ತುಟಿಯೇ ಮುಚ್ಚಿರಲಿ. ಆಮೇಲೆ ತುಟಿ ತುದಿಗೆ ಅಂಟಿದ ಎಳ್ಳುಕಾಳನ್ನು ಹಾರಿಸುವ ಹಾಗೆ ಗಾಳಿ ಬಿಡಿ. ಗಾಳಿ ತೆಳ್ಳಗಿರಬೇಕು, ಎದುರಿನ ಅಂಚಿಗೆ ಬಡಿಯಬೇಕು. ಅರ್ಧ ಗಾಳಿ ಒಳಗೆ, ಅರ್ಧ ಹೊರಗೆ. ನಾದ ಹುಟ್ಟುವುದು ಆ ಅಂಚಿನಲ್ಲಿ. ಜೋರಾಗಿ ಊದಿದರೆ ಬುಸ್ ಅನ್ನುತ್ತದೆ ಅಷ್ಟೆ. ನಾದ ಬಂದ ಕೂಡಲೇ ಕೊಳಲನ್ನು ತುಟಿಯಿಂದ ತೆಗೆಯಿರಿ. ಮತ್ತೆ ಇಡಿ, ಮತ್ತೆ ಹುಡುಕಿ. ಇಟ್ಟ ತಕ್ಷಣ ನಾದ ಬರುವ ತನಕ ಇದೇ ಪಾಠ.

ಶುರುವಿನಲ್ಲಿ ತಲೆ ಸುತ್ತುತ್ತದೆ. ಹೆದರಬೇಡಿ. ಒಂದೇ ಸಮನೆ ಜಾಸ್ತಿ ಗಾಳಿ ಹೊರಗೆ ಬಿಟ್ಟಾಗ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ. ಕೊಳಲು ಕೆಳಗಿಡಿ, ಸುಮ್ನೆ ಎರಡು ನಿಮಿಷ ಕೂತಿರಿ. ಅಭ್ಯಾಸವಾಗುತ್ತಾ ಬಂದಂತೆ ಗಾಳಿ ಹಾಳಾಗುವುದು ಕಡಿಮೆಯಾಗುತ್ತದೆ, ಸುತ್ತುವುದೂ ನಿಲ್ಲುತ್ತದೆ. ಬಿಪಿ, ಉಬ್ಬಸ ಇರುವವರು ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಹೊಸದಾಗಿ ಹಲ್ಲಿನ ಸೆಟ್ ಹಾಕಿಸಿಕೊಂಡವರು ತುಟಿಯ ಜಾಗವನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ. ಅದಕ್ಕೂ ಸಿದ್ಧರಾಗಿರಿ, ಖಂಡಿತ ಸಿಗುತ್ತದೆ.

ಬೆರಳಿಗೆ ಬಂದಾಗ, ತುದಿಯಿಂದ ತೂತು ಮುಚ್ಚಬೇಡಿ. ಬೆರಳಿನ ಮೆತ್ತನೆಯ ಭಾಗ ತೂತಿನ ಮೇಲೆ ಚಪ್ಪಟೆಯಾಗಿ ಕೂರಬೇಕು. ಮುಂದೆ ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸುವುದಕ್ಕೆ, ಬೆರಳು ಜಾರಬೇಕಾದದ್ದು ಆ ಭಾಗದಿಂದಲೇ. ಹತ್ತು ನಿಮಿಷ ನುಡಿಸಿದ ಮೇಲೆ ಬೆರಳುಗಳನ್ನು ತಿರುಗಿಸಿ ನೋಡಿಕೊಳ್ಳಿ. ತೂತಿನ ಗುರುತು ದುಂಡಗೆ ಪೂರ್ತಿ ಬಿದ್ದಿದೆಯಾ? ಸರಿ ಇದೆ. ಅರ್ಧ ಮಾತ್ರ ಬಿದ್ದಿದ್ದರೆ ಗಾಳಿ ಅಲ್ಲೇ ಸೋರುತ್ತಿದೆ. ಪಂಚಮ, ಮಧ್ಯಮ ಕೀಚಲಾಗಿ ಬಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಶ್ರುತಿ ಇಲ್ಲದೆ ಒಂದು ದಿನವೂ ಅಭ್ಯಾಸ ಮಾಡಬೇಡಿ. ಮೊಬೈಲಿನ ತಂಬೂರ ಆ್ಯಪ್ ಸಾಕು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರವೂ ಆಗುತ್ತದೆ. ಆ ಸಂಸ್ಥೆ ಕಟ್ಟಿದ ಜಿ. ರಾಜ್ ನಾರಾಯಣ್ ಕೊಳಲು ವಿದ್ವಾಂಸರೇ, ನಮ್ಮ ಕಷ್ಟ ಅವರಿಗೆ ಗೊತ್ತಿತ್ತು. ಇನ್ನೊಂದು, ಎಸಿ ರೂಮಿನಲ್ಲಿ ಕೊಳಲು ಶ್ರುತಿಗಿಂತ ಇಳಿಯುತ್ತದೆ, ಬಿಸಿಲಿನಲ್ಲಿ ಏರುತ್ತದೆ. ಐದು ನಿಮಿಷ ಊದಿ ಒಳಗಿನ ಗಾಳಿ ಬೆಚ್ಚಗಾದ ಮೇಲೆ ತಂಬೂರಕ್ಕೆ ಕೂಡಿಸಿ. ಬೇಸಿಗೆಯಲ್ಲಿ ಕಾರಿನೊಳಗೆ ಕೊಳಲು ಬಿಡಬೇಡಿ, ಬಿದಿರು ಸೀಳುತ್ತದೆ.

ಗುರು ಬೇಕೇ ಬೇಕಾ ಅಂತ ಕೇಳುವವರು 'ಮಾಲಿ' ಎಂದೇ ಹೆಸರಾದ ಕೊಳಲು ವಿದ್ವಾಂಸ ಟಿ.ಆರ್. ಮಹಾಲಿಂಗಂ ಅವರ ಹೆಸರು ಹೇಳುತ್ತಾರೆ. ನಿಜ, ಮಾಲಿ (1926–1986) ಕೊಳಲನ್ನು ತಾವಾಗಿಯೇ ಕಲಿತವರು. ಆದರೆ ಅವರ ಸುತ್ತ ದಿನವಿಡೀ ಹಾಡುಗಾರಿಕೆಯ ಪಾಠ ನಡೆಯುತ್ತಿತ್ತು, ಅದನ್ನು ಕೇಳಿ ಕೇಳಿ ಕಿವಿಗೆ ಇಳಿಸಿಕೊಂಡಿದ್ದರು. ಕೊಳಲಿನಲ್ಲಿ ಹಾಡಿದ ಹಾಗೆ ಗಮಕ ತಂದದ್ದು ಆ ಕಿವಿಯಿಂದಲೇ. ನಮ್ಮಂಥವರು ಅವರಿಂದ ಕಲಿಯಬೇಕಾದದ್ದು ಇದನ್ನು. ಯಾವ ಸಾಲು ನುಡಿಸುವುದಕ್ಕೂ ಮೊದಲು ಬಾಯಲ್ಲಿ ಸ್ವರ ಹಾಡಿ. ಗಂಟಲು ಚೆನ್ನಾಗಿಲ್ಲ ಅನ್ನಬೇಡಿ, ಹಾಡುವುದು ನಿಮ್ಮ ಕಿವಿಗಾಗಿ.

ಮೊದಲ ಮೂರು ತಿಂಗಳಾದರೂ ಗುರುಗಳ ಎದುರು ಕೂತು ಕಲಿಯಿರಿ. ತುಟಿಯ ಕೋನವನ್ನು ಕ್ಯಾಮೆರಾದಲ್ಲಿ ಸರಿಯಾಗಿ ನೋಡಲಾಗುವುದಿಲ್ಲ. ಆಮೇಲೆ ಆನ್‌ಲೈನ್ ಪಾಠ ನಡೆಯುತ್ತದೆ. ವಿದೇಶದಲ್ಲಿರುವ ಕನ್ನಡದವರಿಗೆ ಬೇರೆ ದಾರಿಯೂ ಇಲ್ಲ. ಅವರಿಗೆ ಒಂದು ಸಲಹೆ: ಜೂಮ್‌ನಂಥ ಆ್ಯಪ್‌ಗಳು ಉದ್ದನೆಯ ಸ್ವರವನ್ನು ಗದ್ದಲ ಅಂದುಕೊಂಡು ಕತ್ತರಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿಕೊಂಡರೆ ನಿಮ್ಮ ಷಡ್ಜ ಗುರುಗಳಿಗೆ ಪೂರ್ತಿ ಕೇಳುತ್ತದೆ.

ದಿನಕ್ಕೆ 20 ನಿಮಿಷ ಕೊಡಿ. ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ತುಟಿ ಸೋತುಹೋಗುತ್ತದೆ, ಸೋತ ತುಟಿ ಕೆಟ್ಟ ಅಭ್ಯಾಸ ಕಲಿಯುತ್ತದೆ. ತಾರ ಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ, ಆತುರ ಬೇಡ, ಅಕ್ಕಪಕ್ಕದ ಮನೆಯವರಿಗೂ ಅದೇ ಒಳ್ಳೆಯದು. ಮೋಹನದ ಗೀತೆ ಎರಡು ಕಾಲದಲ್ಲಿ (ಎರಡು ವೇಗದಲ್ಲಿ), ತಾಳ ತಪ್ಪದೆ, ಶ್ರುತಿ ಬಿಡದೆ ಬಂತು ಅನ್ನಿಸಿದ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ನುಡಿಸಿ. ಹಬ್ಬಕ್ಕೆ ಕಾಯಬೇಡಿ.