ಅಣುತ್ಯಾಜ್ಯ ಎಲ್ಲಿಡುವುದು? ಕೆಜಿಎಫ್‌ನಲ್ಲಿ ಎದ್ದ ಪ್ರಶ್ನೆಗೆ ಹೊಸ ರಿಯಾಕ್ಟರ್‌ಗಳಲ್ಲಿ ಉತ್ತರವಿದೆಯೇ?

2012ರ ನವೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಜನ ಬೀದಿಗಿಳಿದರು. ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ಕೇಸು ನಡೆಯುತ್ತಿತ್ತು. ಅಲ್ಲಿನ ತ್ಯಾಜ್ಯವನ್ನು ಕೊನೆಗೆ ಎಲ್ಲಿ ಇಡುತ್ತೀರಿ ಎಂಬ ಮಾತು ಬಂದಾಗ ಕೋಲಾರದ ಚಿನ್ನದ ಗಣಿಯ ಹೆಸರು ಕೇಳಿಬಂತು. ಗಣಿ ಮುಚ್ಚಿದ್ದು 2001ರ ಫೆಬ್ರುವರಿಯಲ್ಲಿ. ಕೆಲಸ ಹೋಯಿತು, ಸೈನೈಡ್ ದಿಬ್ಬಗಳು ಉಳಿದವು. ಗಾಳಿ ಬೀಸಿದಾಗೆಲ್ಲ ಅದರ ದೂಳು ಮನೆಯೊಳಗೆ ಬರುವ ಊರಿಗೆ ಈಗ ಅಣುತ್ಯಾಜ್ಯವೂ ಬರುತ್ತದಂತೆ ಎಂದರೆ ಸಿಟ್ಟು ಬಾರದೆ ಇರುತ್ತದಾ? ಪ್ರತಿಭಟನೆ ಜೋರಾಯಿತು. ಅಂಥ ಯೋಜನೆಯೇ ಇಲ್ಲ ಎಂದು ಕೇಂದ್ರ ಸ್ಪಷ್ಟನೆ ಕೊಟ್ಟಿತು. ಗಲಾಟೆ ತಣ್ಣಗಾಯಿತು.

ಆದರೆ ಆ ಹೆಸರು ಸುಮ್ನೆ ಬಂದದ್ದಲ್ಲ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದೇ ಗಣಿಯಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಒಂದು ಪ್ರಯೋಗ ಮಾಡಿದ್ದರು. ಬಂಡೆಯೊಳಗೆ ವಿದ್ಯುತ್ ಹೀಟರ್ ಇಟ್ಟು, ಶಾಖಕ್ಕೆ ಕಲ್ಲು ಹೇಗೆ ಹಿಗ್ಗುತ್ತದೆ, ಎಷ್ಟು ದೂರದವರೆಗೆ ಬಿಸಿಯಾಗುತ್ತದೆ ಎಂದು ಅಳೆದರು. ವಿಕಿರಣ ವಸ್ತು ಏನೂ ಇರಲಿಲ್ಲ. ಮುಂದೊಂದು ದಿನ ಆಳದಲ್ಲಿ ಹೂಳಬೇಕಾದ ತ್ಯಾಜ್ಯ ತಾನೇ ಬಿಸಿ ಹೊರಸೂಸುತ್ತದೆ. ಅದನ್ನು ಕಲ್ಲು ತಾಳುತ್ತದಾ ಎಂದು ನೋಡುವುದಷ್ಟೇ ಉದ್ದೇಶ.

ಈ ಬಿಸಿ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಕೈಗಾದ ಇಂಧನವನ್ನೇ ನೋಡೋಣ. ಅಲ್ಲಿ ಬಳಸುವ ಒಂದು ಬಂಡಲ್ ಎಂದರೆ 19 ತೆಳ್ಳಗಿನ ಕೊಳವೆಗಳ ಕಟ್ಟು. ಉದ್ದ ಅರ್ಧ ಮೀಟರ್, ತೂಕ ಸುಮಾರು 16 ಕೆಜಿ. ಒಳಗಿರುವುದು ಯುರೇನಿಯಂ ಬಿಲ್ಲೆಗಳು. ಹೊಸದಾಗಿದ್ದಾಗ ಅದನ್ನು ಕೈಯಲ್ಲೇ ಎತ್ತಿಡಬಹುದು. ರಿಯಾಕ್ಟರ್ ಒಳಗೆ ಹೋಗಿ ಬಂದ ಮೇಲೆ ಅದೇ ಕಟ್ಟಿನ ಹತ್ತಿರ ಯಾವ ರಕ್ಷಣೆಯೂ ಇಲ್ಲದೆ ನಿಂತರೆ ಸಾವು ಖಚಿತ. ಹಾಗಾಗಿ ಎಲ್ಲವನ್ನೂ ಯಂತ್ರವೇ ಮಾಡಿ, ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಯಲು ಬಿಡುತ್ತದೆ. ಆಗಲೂ ಅದರಲ್ಲಿ ಶೇ 98ಕ್ಕೂ ಹೆಚ್ಚು ಯುರೇನಿಯಂ ಹಾಗೇ ಇರುತ್ತದೆ. ಉಳಿದ ಚೂರಿನಲ್ಲಿದೆ ತಲೆನೋವು. ಸೀಸಿಯಂ, ಸ್ಟ್ರಾನ್ಷಿಯಂನಂಥವು ಸುಮಾರು 30 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತವೆ. ಮೊದಲ ಶತಮಾನಗಳ ಬಿಸಿ ಬಹುಪಾಲು ಇವುಗಳದ್ದೇ. ಪ್ಲುಟೋನಿಯಂ-239 ಅರ್ಧವಾಗಲು 24,000 ವರ್ಷಕ್ಕೂ ಜಾಸ್ತಿ ಬೇಕು.

ಈ ಪ್ಲುಟೋನಿಯಂ ಕಸವಲ್ಲ, ಇಂಧನ ಎಂಬುದು ಭಾರತದ ಮೊದಲಿನ ನಿಲುವು. 1950ರ ದಶಕದಲ್ಲಿ ಹೋಮಿ ಭಾಭಾ ಹಾಕಿದ ಮೂರು ಹಂತದ ಲೆಕ್ಕ ಅದು. ನಮ್ಮಲ್ಲಿ ಯುರೇನಿಯಂ ಕಮ್ಮಿ, ಥೋರಿಯಂ ಧಾರಾಳ. ಮೊದಲ ಹಂತದ ರಿಯಾಕ್ಟರ್‌ಗಳಿಂದ ಪ್ಲುಟೋನಿಯಂ ತೆಗೆಯುವುದು, ಅದನ್ನು ಫಾಸ್ಟ್ ಬ್ರೀಡರ್ ಎಂಬ ಬಗೆಯ ರಿಯಾಕ್ಟರ್‌ನಲ್ಲಿ ಉರಿಸಿ ಇನ್ನಷ್ಟು ಪ್ಲುಟೋನಿಯಂ ಬೆಳೆಸುವುದು, ಕೊನೆಗೆ ಥೋರಿಯಂಗೆ ಹೋಗುವುದು. ಬಳಸಿದ ಇಂಧನವನ್ನು ಆಸಿಡ್‌ನಲ್ಲಿ ಕರಗಿಸಿ ಬೇರ್ಪಡಿಸುವ ಮೊದಲ ಘಟಕ ಟ್ರಾಂಬೆಯಲ್ಲಿ 1964ರಲ್ಲೇ ಶುರುವಾಯಿತು. ಕೊನೆಗೆ ಉಳಿಯುವ ತೀವ್ರ ವಿಕಿರಣದ ದ್ರವವನ್ನು ಗಾಜಿನ ಜೊತೆ ಕರಗಿಸಿ, ಸ್ಟೀಲ್ ಡಬ್ಬಿಗೆ ಸುರಿದು ಗಟ್ಟಿ ಮಾಡುತ್ತಾರೆ. ತ್ಯಾಜ್ಯದ ಗಾತ್ರ ಇದರಿಂದ ಬಹಳ ಇಳಿಯುತ್ತದೆ. ಅದರಲ್ಲಿನ ಸೀಸಿಯಂ ತೆಗೆದು ರೋಗಿಗೆ ಕೊಡುವ ರಕ್ತಕ್ಕೆ ವಿಕಿರಣ ಹಾಯಿಸುವ ಉಪಕರಣಗಳಿಗೂ ಬಳಸುತ್ತಿದ್ದಾರೆ. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೂ ಆ ಗಾಜಿನ ಡಬ್ಬಿಗಳಿಗೆ ಕೊನೆಯ ಜಾಗ ಬೇಕು. ನಮ್ಮಲ್ಲಿ ಅದು ಇಲ್ಲ. ತ್ಯಾಜ್ಯ ಕಮ್ಮಿ ಇದೆ, ಈಗಲೇ ಅವಸರವಿಲ್ಲ ಎಂಬುದು ಅಣುಶಕ್ತಿ ಇಲಾಖೆಯ ಮಾತು.

ಹಳೇ ಗಣಿಯಲ್ಲಿ ಹೂಳುವುದು ಸುಲಭ ಅನಿಸುತ್ತದೆ ಅಲ್ವಾ? ಜರ್ಮನಿಯವರಿಗೂ ಹಾಗೇ ಅನಿಸಿತ್ತು. ಆಸ್ಸೆ ಎಂಬ ಹಳೇ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್ ಕಡಿಮೆ ಮತ್ತು ಮಧ್ಯಮ ವಿಕಿರಣದ ತ್ಯಾಜ್ಯ ತುಂಬಿದರು. ಈಗ ಅಲ್ಲಿ ದಿನವೂ ಸಾವಿರಾರು ಲೀಟರ್ ನೀರು ಒಳಗೆ ಜಿನುಗುತ್ತಿದೆ. ಹಾಕಿದ್ದನ್ನೆಲ್ಲ ಮತ್ತೆ ಹೊರತೆಗೆಯಬೇಕೆಂದು ಕಾನೂನೇ ಆಗಿದೆ. ಗಣಿ ತೋಡಿದ್ದು ಉಪ್ಪಿಗೋ ಚಿನ್ನಕ್ಕೋ. ಬಂಡೆಯನ್ನು ಬಿರುಕು ಬಿಡದಂತೆ ಕಾಪಾಡುವುದು ಆಗ ಯಾರ ಕೆಲಸವೂ ಆಗಿರಲಿಲ್ಲ. ಮುಚ್ಚಿದ ಮೇಲೆ ನೀರು ತುಂಬಿಕೊಂಡ ಕೆಜಿಎಫ್ ಗಣಿಗೂ ಈ ಮಾತು ಒಪ್ಪುತ್ತದೆ. ಅಲ್ಲಿನ ಜನರ ವಿರೋಧಕ್ಕೆ ಭಾವನೆಯ ಜೊತೆಗೆ ವಿಜ್ಞಾನದ ಆಧಾರವೂ ಇತ್ತು.

ಅಮೆರಿಕ ಬೇರೆ ದಾರಿ ಹಿಡಿದು ಸೋತಿತು. 1987ರಲ್ಲಿ ಅಲ್ಲಿನ ಸಂಸತ್ತು ತ್ಯಾಜ್ಯ ಹೂಳಲು ನೆವಾಡಾ ರಾಜ್ಯದ ಯಕ್ಕಾ ಬೆಟ್ಟವೊಂದನ್ನೇ ಆರಿಸಿತು. ನೆವಾಡಾ ಬೇಡ ಎನ್ನುತ್ತಲೇ ಇತ್ತು. ಒಬಾಮಾ ಕಾಲದಲ್ಲಿ ಹಣ ನಿಂತಿತು. ಸುಮಾರು 90,000 ಟನ್ ಬಳಸಿದ ಇಂಧನ ಇವತ್ತಿಗೂ ಸ್ಥಾವರಗಳ ಹಿತ್ತಲಲ್ಲೇ ಇದೆ.

ಫಿನ್ಲೆಂಡ್ ಮಾತ್ರ ತಾಳ್ಮೆಯಿಂದ ಹೋಯಿತು. 1983ರಲ್ಲೇ ಸರ್ಕಾರ ವೇಳಾಪಟ್ಟಿ ಹಾಕಿತು. ಸ್ಥಳೀಯ ಪಂಚಾಯಿತಿ ಬೇಡ ಎಂದರೆ ಯೋಜನೆ ಅಲ್ಲಿಗೇ ಮುಗಿಯುತ್ತದೆ ಎಂದು ಕಾನೂನು ಮಾಡಿತು. ಯೂರಾಯೊಕಿ ಎಂಬ ಊರು ಒಪ್ಪಿತು. 2001ರಲ್ಲಿ ಸಂಸತ್ತು ಅಂಗೀಕರಿಸಿತು. 2004ರಿಂದ ಸುರಂಗ ಕೊರೆದು, 400 ಮೀಟರ್‌ಗೂ ಹೆಚ್ಚು ಆಳದಲ್ಲಿ ಓಂಕಾಲೋ ಎಂಬ ತ್ಯಾಜ್ಯದ ಕೊನೆಯ ಜಾಗ ಕಟ್ಟಿದರು. ತಾಮ್ರದ ದಪ್ಪ ಡಬ್ಬಿ, ಸುತ್ತ ನೀರು ತಾಗಿದರೆ ಉಬ್ಬಿಕೊಳ್ಳುವ ಬೆಂಟೊನೈಟ್ ಜೇಡಿ, ಅದರಾಚೆ ಬಂಡೆ. 2024ರಲ್ಲಿ ಪ್ರಾಯೋಗಿಕ ಕಾರ್ಯಾಚರಣೆ ಶುರುವಾಯಿತು.

ಈಗ ಹೊಸ ತಲೆಮಾರಿನ ರಿಯಾಕ್ಟರ್‌ಗಳ ಮಾತು. ಇವು ಕಸವನ್ನೇ ಉರಿಸಿಬಿಡುತ್ತವೆ ಎಂದು ಆಗಾಗ ಕೇಳುತ್ತೇವೆ. ಇದರಲ್ಲಿ ಅರ್ಧ ಸತ್ಯವಿದೆ. ಮೇಲೆ ಹೇಳಿದ ಬ್ರೀಡರ್‌ನಂಥ ಫಾಸ್ಟ್ ರಿಯಾಕ್ಟರ್ ಪ್ಲುಟೋನಿಯಂ ಮತ್ತು ಅದರಂಥ ದೀರ್ಘಾಯುಷಿ ಧಾತುಗಳನ್ನು ಒಡೆಯಬಲ್ಲದು. ಹಾಗೆ ಮಾಡಿದರೆ ತ್ಯಾಜ್ಯದ ಅಪಾಯದ ಅವಧಿ ಸಾವಿರಾರು ವರ್ಷಗಳಿಂದ ಕೆಲವು ನೂರು ವರ್ಷಗಳಿಗೆ ಇಳಿಯಬಹುದು. ಆದರೆ ಇದಕ್ಕೆ ಇಂಧನವನ್ನು ಮತ್ತೆ ಮತ್ತೆ ಕರಗಿಸಿ, ಬೇರ್ಪಡಿಸಿ, ಉರಿಸಬೇಕು. ಒಂದೇ ಸುತ್ತಿಗೆ ಆಗುವ ಕೆಲಸವಲ್ಲ. ತಣಿಸಲು ಬಳಸುವ ದ್ರವ ಸೋಡಿಯಂ ಗಾಳಿ ತಾಗಿದರೆ ಉರಿಯುತ್ತದೆ. ಜಪಾನಿನ ಮೊಂಜು ಎಂಬ ಫಾಸ್ಟ್ ರಿಯಾಕ್ಟರ್ 1995ರಲ್ಲಿ ಇದೇ ಸೋಡಿಯಂ ಸೋರಿ ನಿಂತಿತು, ಮತ್ತೆ ಸರಿಯಾಗಿ ಏಳಲೇ ಇಲ್ಲ. ನಮ್ಮ ಕಲ್ಪಾಕ್ಕಂನ 500 ಮೆಗಾವಾಟ್ ಬ್ರೀಡರ್ ಕೆಲಸ ಶುರುವಾದದ್ದು 2004ರಲ್ಲಿ, ಮುಗಿಯಬೇಕಿದ್ದದ್ದು 2010ಕ್ಕೆ. ಅದರ ಕೋರ್‌ಗೆ, ಅಂದರೆ ಇಂಧನ ಉರಿಯುವ ಒಳಭಾಗಕ್ಕೆ, ಇಂಧನ ತುಂಬುವ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ಅದರ ಮೊದಲ ಗುರಿಯೂ ಪ್ಲುಟೋನಿಯಂ ಬೆಳೆಸುವುದು. ಕಸ ಉರಿಸುವುದು ಮುಂದಿನ ಮಾತು.

ಕಾರ್ಖಾನೆಯಲ್ಲೇ ಭಾಗಗಳನ್ನು ತಯಾರಿಸಿ ತಂದು ಜೋಡಿಸುವ ಸಣ್ಣ ಮಾಡ್ಯುಲರ್ ರಿಯಾಕ್ಟರ್‌ಗಳದ್ದು ಇನ್ನೊಂದು ಕಥೆ. ಕೋರ್ ಚಿಕ್ಕದಾದಷ್ಟೂ ಅಣು ಒಡೆದಾಗ ಚಿಮ್ಮುವ ನ್ಯೂಟ್ರಾನ್ ಕಣಗಳು ಹೊರಗೆ ಜಾಸ್ತಿ ಸೋರುತ್ತವೆ, ಸುತ್ತಲಿನ ಲೋಹವೂ ವಿಕಿರಣಗೊಳ್ಳುತ್ತದೆ. 2022ರಲ್ಲಿ ಅಮೆರಿಕದ ಸಂಶೋಧಕರು ಇಂಥ ಮೂರು ವಿನ್ಯಾಸಗಳ ಲೆಕ್ಕ ಹಾಕಿ, ಅಷ್ಟೇ ವಿದ್ಯುತ್ತಿಗೆ ತ್ಯಾಜ್ಯದ ಗಾತ್ರ 2ರಿಂದ 30 ಪಟ್ಟು ಹೆಚ್ಚಬಹುದು ಎಂದರು. ಕಂಪನಿಗಳು ಒಪ್ಪಲಿಲ್ಲ. ಆದರೂ ಚಿಕ್ಕದು ಎಂದರೆ ಕಸವೂ ಚಿಕ್ಕದು ಎಂದು ಲೆಕ್ಕ ಹಾಕುವಂತಿಲ್ಲ.

2025ರ ಕೇಂದ್ರ ಬಜೆಟ್ ಇಂಥ ರಿಯಾಕ್ಟರ್‌ಗಳ ಸಂಶೋಧನೆಗೆ 20,000 ಕೋಟಿ ರೂಪಾಯಿ ಘೋಷಿಸಿತು. 2033ರೊಳಗೆ ಕನಿಷ್ಠ 5 ಓಡಬೇಕು, 2047ಕ್ಕೆ ದೇಶದ ಒಟ್ಟು ಅಣುವಿದ್ಯುತ್ ಸಾಮರ್ಥ್ಯ 100 ಗಿಗಾವಾಟ್ ಆಗಬೇಕು ಎಂಬ ಗುರಿ. ಕಲ್ಲಿದ್ದಲು ಬಿಡಬೇಕಾದ ದೇಶಕ್ಕೆ ಅಣುವಿದ್ಯುತ್ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇಷ್ಟು ಬೆಳೆದ ಮೇಲೆ ‘ತ್ಯಾಜ್ಯ ಕಮ್ಮಿ ಇದೆ’ ಎಂಬ ಮಾತು ನಿಲ್ಲುವುದಿಲ್ಲ. ಹೊಸ ಸ್ಥಾವರಗಳಿಗೆ ಜಾಗ ಹುಡುಕುವಾಗಲೇ ಗಾಜಿನ ಡಬ್ಬಿಗಳಿಗೂ ಬಂಡೆ ಹುಡುಕಬೇಕು. ಆ ಊರಿನ ಗ್ರಾಮ ಪಂಚಾಯಿತಿಗೆ ಬೇಡ ಎನ್ನುವ ಹಕ್ಕು ಮೊದಲೇ ಕೊಡಬೇಕು. ಫಿನ್ಲೆಂಡ್‌ಗೆ ಇದಕ್ಕೆಲ್ಲ 40 ವರ್ಷ ಹಿಡಿಯಿತು. ನಾವು ಇವತ್ತೇ ಶುರು ಮಾಡಿದರೂ ಆ ಲೆಕ್ಕದಲ್ಲಿ 2060 ದಾಟುತ್ತದೆ.