ಕಂಬ ಊರಿನದು, ಲೈಸೆನ್ಸ್ ಯಾರದು?

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ರಿಮೂಸ್ಕಿ ಎಂಬ ಊರಿದೆ. ಅಲ್ಲಿನವರ ಮನೆಮಾತು ಫ್ರೆಂಚ್. 1970ರ ದಶಕದಲ್ಲಿ ಈ ಸೀಮೆಯ ಕೇಬಲ್ ಟಿವಿಗಾಗಿ ದೊಡ್ಡ ಜಗಳವೇ ಆಯಿತು. ಪ್ರಾಂತ್ಯದ ಸಾರ್ವಜನಿಕ ಸೇವಾ ಮಂಡಳಿ ಒಬ್ಬರಿಗೆ ಅನುಮತಿ ಕೊಟ್ಟಿತ್ತು. ಕೇಂದ್ರದ ಪ್ರಸಾರ ಆಯೋಗ ಸಿಆರ್‌ಟಿಸಿ ಇನ್ನೊಬ್ಬರಿಗೆ ಕೊಟ್ಟಿತ್ತು.

ಕೇಬಲ್ ಅಂದರೆ ಆಗ ಏನು? ಎತ್ತರದ ಜಾಗದಲ್ಲಿ ಒಂದು ದೊಡ್ಡ ಆಂಟೆನಾ. ಮನೆಯ ಮಾಡಿನ ಮೇಲಿನ ಆಂಟೆನಾಕ್ಕೆ ಸಿಗದ ದೂರದ ಸಿಗ್ನಲ್ ಅಲ್ಲಿ ಸಿಗುತ್ತದೆ. ಅದನ್ನು ತಂತಿಗೆ ಹಾಕಿ, ಕಂಬದಿಂದ ಕಂಬಕ್ಕೆ ಎಳೆದು ಮನೆಮನೆಗೆ ಮುಟ್ಟಿಸುವುದು. ಕ್ವಿಬೆಕ್ ವಾದಿಸಿದ್ದೂ ಇದನ್ನೇ. ಕಂಬ ನಮ್ಮದು, ತಂತಿ ನಮ್ಮದು, ಗಿರಾಕಿಗಳೂ ನಮ್ಮವರು. ಇದು ಊರೊಳಗಿನ ವ್ಯಾಪಾರ, ರಾಜಧಾನಿ ಒಟ್ಟಾವಾದ ಕೇಂದ್ರ ಸರ್ಕಾರಕ್ಕೆ ಇಲ್ಲೇನು ಕೆಲಸ?

ಒಟ್ಟಾವಾದ ಕೈಯಲ್ಲಿ ಹಳೆಯ ಕಾಗದವೊಂದಿತ್ತು. ರೇಡಿಯೊ ಪ್ರಸಾರ ಕೇಂದ್ರದ ಅಧಿಕಾರಕ್ಕೆ ಸೇರಿದ್ದು ಎಂದು ಆಗ ಕೆನಡಾದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1932ರಲ್ಲೇ ಹೇಳಿತ್ತು. 1968ರ ಪ್ರಸಾರ ಕಾಯಿದೆ ಕೇಬಲನ್ನೂ ಅದರೊಳಗೆ ತಂದಿತ್ತು. ಕೊನೆಗೆ 1977ರ ನವೆಂಬರ್ 30ರಂದು, ಇದೇ ಜಗಳದಿಂದ ಹುಟ್ಟಿದ ದಿಯೋನ್ ಪ್ರಕರಣದಲ್ಲಿ, ಕೆನಡಾದ ಸುಪ್ರೀಂ ಕೋರ್ಟ್ ಒಟ್ಟಾವಾದ ಪರ ನಿಂತಿತು. ಸಿಗ್ನಲ್ಲು ಗಾಳಿಯಲ್ಲಿ ಬಂದದ್ದು, ಕೊನೆಯಲ್ಲಿ ತಂತಿ ಹಿಡಿದ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ ಎಂಬುದು ಮುಖ್ಯ ನ್ಯಾಯಮೂರ್ತಿ ಬೋರಾ ಲಾಸ್ಕಿನ್ ಅವರ ತರ್ಕ. ಆರು ನ್ಯಾಯಮೂರ್ತಿಗಳು ಹೌದೆಂದರು, ಮೂವರು ಒಪ್ಪಲಿಲ್ಲ. ಆ ಮೂವರೂ ಕ್ವಿಬೆಕ್‌ನವರು! ಇದನ್ನು ಸುಮ್ನೆ ಕಾಕತಾಳೀಯ ಅಂತ ನನಗಂತೂ ಅನಿಸುವುದಿಲ್ಲ.

ಅಲ್ಲಿಂದ ಮುಂದೆ ಲೈಸೆನ್ಸಿಗೆ ಎಲ್ಲರೂ ಸಿಆರ್‌ಟಿಸಿ ಬಾಗಿಲಿಗೇ ಹೋಗಬೇಕಾಯಿತು. ಆದರೆ ಕ್ವಿಬೆಕ್‌ನ ಆಚೆಗೂ ಫ್ರೆಂಚ್ ಮಾತಾಡುವವರಿದ್ದಾರೆ, ಅಲ್ವಾ? ಉತ್ತರ ಒಂಟಾರಿಯೊದ ಹರ್ಸ್ಟ್‌ನಂಥ ಪುಟ್ಟ ಊರುಗಳಲ್ಲಿ, ನ್ಯೂ ಬ್ರನ್ಸ್‌ವಿಕ್‌ನ ಕರಾವಳಿಯಲ್ಲಿ. ಅವರಿಗೆ ಲೈಸೆನ್ಸ್ ಯಾರು ಕೊಟ್ಟರು ಎನ್ನುವುದಕ್ಕಿಂತ ಅದರಲ್ಲಿ ಏನು ಬರೆದಿದೆ ಎನ್ನುವುದು ಮುಖ್ಯ. 1998ರಲ್ಲಿ ಆಯೋಗವು ಫ್ರೆಂಚ್ ಚಾನೆಲ್ ಟಿವಿಎ ದೇಶವಿಡೀ ಸಿಗಬೇಕೆಂದಿತು. 2001ರಲ್ಲಿ ಇಂಗ್ಲಿಷ್ ಪ್ರದೇಶಗಳ ಕೇಬಲ್‌ಗೂ ಇಷ್ಟು ಫ್ರೆಂಚ್ ಚಾನೆಲ್ ಕೊಡಲೇಬೇಕೆಂದು ಲೆಕ್ಕ ಗೊತ್ತುಮಾಡಿತು. ಚಾನೆಲ್‌ಗಳಿಗೆ ಜಾಗ ಕಡಿಮೆ ಇರುವ ಡಿಜಿಟಲ್ ಕೇಬಲ್‌ನಲ್ಲಿ ಹತ್ತು ಇಂಗ್ಲಿಷ್ ವಿಶೇಷ ಚಾನೆಲ್‌ಗೆ (ಸುದ್ದಿ, ಕ್ರೀಡೆಯಂಥ ಒಂದೇ ವಿಷಯದವು) ಒಂದು ಫ್ರೆಂಚ್. ನಲವತ್ತಕ್ಕೆ ನಾಲ್ಕು, ಅಷ್ಟೇ.

ಅದೇ ವರ್ಷದ ಡಿಸೆಂಬರಿನಲ್ಲಿ ಗಾಳಿ ತಿರುಗಿತು. 2,000ಕ್ಕಿಂತ ಕಡಿಮೆ ಚಂದಾದಾರರಿರುವ ಕೇಬಲ್‌ನವರಿಗೆ ಲೈಸೆನ್ಸೇ ಬೇಡ ಎಂದಾಯಿತು. 2004ರಲ್ಲಿ ಈ ಮಿತಿ 6,000ಕ್ಕೆ, 2009ರಲ್ಲಿ 20,000ಕ್ಕೆ ಏರಿತು. ಕಾರಣ ಅರ್ಥವಾಗುವಂಥದ್ದೇ. 1997ರಿಂದ ಉಪಗ್ರಹ ಟಿವಿ ಗಿರಾಕಿಗಳನ್ನು ಸೆಳೆಯತೊಡಗಿತ್ತು. ಸಣ್ಣ ಕೇಬಲ್‌ನವರಿಗೆ ಅರ್ಜಿ, ವರದಿ, ವಿಚಾರಣೆ ಎಂದು ಓಡಾಡುವುದೇ ಜಾಸ್ತಿ ಹೊರೆ.

ವಿನಾಯಿತಿಗೂ ಷರತ್ತುಗಳಿವೆ. ನಿಯಮ ಪೂರ್ತಿ ಹೋಗಲಿಲ್ಲ. ಆದರೆ ಲೈಸೆನ್ಸ್ ಇದ್ದಾಗ ಅದರ ನವೀಕರಣ ಬರುತ್ತಿತ್ತು. ಆಗ ಊರಿನವರು ನಮಗೆ ಈ ಚಾನೆಲ್ ಸಾಲದು ಎಂದು ಪತ್ರ ಬರೆದು ಆಯೋಗದ ಮುಂದಿಡಬಹುದಿತ್ತು. ವಿನಾಯಿತಿ ಸಿಕ್ಕ ಕೇಬಲ್‌ನ ಮೇಲೆ ಇವತ್ತೂ ದೂರು ಕೊಡಬಹುದು. ನವೀಕರಣದ ದಿನ ಮಾತ್ರ ಬರುವುದಿಲ್ಲ.